ಹಿತ್ತಾಳೆ ಉಂಗುರ

ರಿಪೇರಿಯವನು ರಿಮೋಟಿನ ಆಟಿಕೆ ದೋಣಿಯನ್ನು ಅವಳ ಮುಂದೆ ಮಗುಚಿ ಹಿಡಿದ.

"ನೋಡಿ ಮೇಡಂ, ಫ್ಯಾನ್ ತಿರುಗಿಸೋ ಶಾಫ್ಟ್, ಈ ಕಬ್ಬಿಣದ ಕಡ್ಡಿ, ಎರಡು ಸಲ ಕಳಚಿ ಕೆರೆ ಪಾಲಾಯ್ತು. ಇದು ಹೊಸದು. ಈಗ ಹಿತ್ತಾಳೆ ಉಂಗುರ ಹಾಕಿ, ಅಲೆನ್ ಕೀ ಅನ್ನೋ ಆರು ಮೂಲೆ ಕೀಲಿಯಿಂದ ಅದರ ಸ್ಕ್ರೂ ಬಿಗಿ ಮಾಡಿದೀನಿ. ಇನ್ನು ಜಾರಲ್ಲ."

"ಉಂಗುರ ಇಲ್ದಿದ್ರೆ?"

"ನಡುಕೆರೇಲಿ ಶಾಫ್ಟ್ ಜಾರುತ್ತೆ, ಆ ತೂತಲ್ಲಿ ನೀರು ನುಗ್ಗಿ ದೋಣಿ ಮುಳುಗುತ್ತೆ. ನಿಮ್ಮ ಯಜಮಾನ್ರಿಗೆ ಈಜು ಬರಲ್ಲ, ಆದ್ರೂ ದೋಣಿ ಹಿಂದೇನೇ ನೀರಿಗಿಳಿದುಬಿಡ್ತಾರೆ. ಹೋದ್ಸಲ ನಾನೇ ಕಾಲರ್ ಹಿಡಿದು ದಡಕ್ಕೆ ಎಳೆದೆ. ನಾಳೆ ಅವರು ದೋಣಿ ಬಿಡೋವಾಗ ನಾನು ಊರಲ್ಲಿರಲ್ಲ."

"ಗೊತ್ತು."

ಅವಳು ದೋಣಿಯನ್ನು ಟವೆಲಿನಲ್ಲಿ ಜೋಪಾನವಾಗಿ ಸುತ್ತಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಆ ಸ್ಕ್ರೂ ಬಿಚ್ಚೋದಕ್ಕೆ ಒಂದು ಅಲೆನ್ ಕೀ ಕೊಡ್ತೀರಾ?"