ಒಡೆಯಬಾರದ ಮಡಕೆ

"ಹೊಡಿ ಚಿನ್ನಿ, ಮನೇಲಿ ಲೋಟ ಒಡೆದು ಬೈಸ್ಕೊಂಡೆಯಲ್ಲ, ಇಲ್ಲಿ ಯಾರೂ ಬೈಯಲ್ಲ," ಎಂದು ತಾತ ಹುರಿದುಂಬಿಸಿದರು. ಮೊಮ್ಮಗಳು ಎರಡೂ ಕೈಯಲ್ಲಿ ಮರದ ಸುತ್ತಿಗೆ ಎತ್ತಿದಳು. ಹೊಸ ಮಡಕೆ ಒಡೆದು ಚೂರುಗಳನ್ನು ಮತ್ತೆ ಅಂಟಿಸುವುದು ಮ್ಯೂಸಿಯಮ್ಮಿನ ಭಾನುವಾರದ ಆಟ. ಆಟ ಆಡಿಸುತ್ತಿದ್ದ ಕಾಲೇಜು ಹುಡುಗಿಗೆ ಆಗ ಕಂಡಿತು, ಬೋರಲಿಟ್ಟ ಮಡಕೆಯ ಬುಡದಲ್ಲಿ ಕಪ್ಪು ಶಾಯಿಯ ಪುಟ್ಟ ನಂಬರು.

ನಂಬರು ಬರೆಯುವುದು ನೆಲ ಅಗೆದು ತೆಗೆದ ಮಡಕೆಗಳಿಗೆ ಮಾತ್ರ. ಬೆಳಗ್ಗೆ ಉಗ್ರಾಣದಿಂದ ಇದನ್ನು ಹೊಸದೆಂದುಕೊಂಡು ಹೊತ್ತು ತಂದವಳು ಅವಳೇ. ಕೂಗಿದರೆ ಮಗು ಬೆಚ್ಚಿ ಸುತ್ತಿಗೆಯನ್ನೇ ಕೈಬಿಟ್ಟೀತು. ಅವಳು ಸುಮ್ಮನೆ ಮಡಕೆಯ ಮೇಲೆ ಅಂಗೈ ಹರಡಿದಳು. ಪೆಟ್ಟು ಬೆರಳಿನ ಮೇಲೆ ಬಿದ್ದು, ಕಣ್ಣಲ್ಲಿ ನೀರು ಚಿಮ್ಮಿತು.

"ಅಯ್ಯೋ, ಕೈ ಯಾಕಮ್ಮ ಅಡ್ಡ ತಂದೆ?"

"ತಪ್ಪು ನಂದೇ, ತಾತ. ಇದು ಹೊಸದಲ್ಲ. ಎರಡು ಸಾವಿರ ವರ್ಷದ್ದು."

ಮೊಮ್ಮಗಳು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, "ಅಕ್ಕ, ಅದಕ್ಕೇನಾದ್ರೂ ಆಯ್ತಾ?" ಎಂದು ಪಿಸುಗುಟ್ಟಿದಳು. ಕಾಲೇಜು ಹುಡುಗಿಗೆ ಕೈ ಎತ್ತಿ ನೋಡಲು ಧೈರ್ಯ ಸಾಲಲಿಲ್ಲ. ಕಡೆಗೆ ತಾತನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಮಡಕೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.