ಹಿಂದಿನ ಸೀಟಿನ ಯಜಮಾನರು

ಎರಡೇ ಬಾಗಿಲಿನ ಆ ಹಳೆಯ ಅಮೆರಿಕನ್ ಕಾರು ಯಾರದೋ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿತ್ತು. ಒಬ್ಬರೂ ಅದನ್ನು ಮೂಸಿ ನೋಡಿರಲಿಲ್ಲ. ಅದರ ಉದ್ದನೆಯ ಮೂತಿಗೆ, ಸೋಫಾದಂಥ ಸೀಟಿಗೆ ಮನಸೋತವನು ಡ್ರೈವರ್ ಬೋರಲಿಂಗ. ಸ್ಕೂಟರಿನ ಬೆಲೆಗೆ ಕೊಂಡು ಮೆರೆದವರು ಅವನ ಯಜಮಾನರು, ರೈಸ್‌ಮಿಲ್ಲಿನ ಪುಟ್ಟಸ್ವಾಮಯ್ಯ. ಮರುದಿನವೇ ತಮ್ಮ ಸನ್ಮಾನಕ್ಕೆ ಅದರಲ್ಲಿ ಹೊರಟರು.

"ಮುಂದೇನೇ ಕೂತ್ಕಳಿ ಯಜಮಾನ್ರೇ. ಹಿಂದ್ಗಡೆ ಬಾಗ್ಲೂ ಇಲ್ಲ, ಗಾಜೂ ಇಳಿಯಲ್ಲ."

"ನಿನ್ ಪಕ್ಕ ಕೂರಕ್ಕೆ ನಾನೇನ್ ಕ್ಲೀನರ್ರೇನ್ಲಾ? ಸೀಟ್ ಮಡಚು."

ಮಡಚಿದ. ಯಜಮಾನರು ಪಂಚೆ ಎತ್ತಿ, ಹೊಟ್ಟೆ ಎಳೆದುಕೊಂಡು ಹಿಂದಕ್ಕೆ ತೂರಿಕೊಂಡರು. ಬೋರಲಿಂಗ ಸೀಟನ್ನು ಮತ್ತೆ ನಿಲ್ಲಿಸಿ, ಹಿಂದೆ ಕೂತವರ ಕೈಗೆಟುಕದ ಅದರ ಚಿಲಕ ಹಾಕಿ ಗಾಡಿ ಬಿಟ್ಟ. ದಾರಿಯುದ್ದಕ್ಕೂ ಬೆನ್ನ ಹಿಂದಿನಿಂದ ಬೈಗುಳ. ಹತ್ತು ವರ್ಷದಿಂದ ಕೇಳಿದ್ದೇ. ಸನ್ಮಾನ ನಡೆಯಬೇಕಿದ್ದ ಸಮುದಾಯ ಭವನದ ಮುಂದೆ ಗಾಡಿ ಕುಲುಕಿದಾಗ ಮಾತ್ರ ಹೊಸದೊಂದು ಬಂತು.

"ಹಳ್ಳ ಕಾಣಲ್ವೇನ್ಲಾ? ನಿಮ್ಮಪ್ಪ ಎಮ್ಮೆ ಮೇಯ್ಸೋನು, ನಿಂಗೆಲ್ಲಿ ಬರ್ಬೇಕು ಡ್ರೈವಿಂಗು!"

ಬೋರಲಿಂಗ ಕಾರು ನಿಲ್ಲಿಸಿ ಇಳಿದ.

"ಬೇರೆ ಡ್ರೈವರ್ ನೋಡ್ಕಳಿ ಯಜಮಾನ್ರೇ."

"ತೊಲಗು! ನೀನಿಲ್ದೆ ನನ್ ಕೆಲ್ಸ ಏನೂ ನಿಲ್ಲಲ್ಲ."

ಬೋರಲಿಂಗ ದಿನದ ಅಭ್ಯಾಸದಂತೆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಗಾಜಿನ ಹಿಂದೆ ಯಜಮಾನರು ಕೈ ಬೀಸುತ್ತ, ಬಾಯಿ ದೊಡ್ಡದು ಮಾಡಿ ಕೂಗತೊಡಗಿದ್ದನ್ನು ಕಂಡು, ಭಾಷಣ ಶುರುವಾಯಿತೆಂದು ಹಾರ ಹಿಡಿದು ನಿಂತವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.