ವಿಮಾನ ಬಂದಾಗ ಬರುವ ಜ್ವರ

ಮಗಳ ಎರಡನೆಯ ಜಡೆ ಹೆಣೆಯುತ್ತಿದ್ದ ಅವಳ ಕೈ ಗಂಡನ ಮಾತು ಕೇಳಿ ಹಾಗೇ ನಿಂತಿತು. ಅವನು ಫೋನಿನಲ್ಲಿ ಮೇಲಧಿಕಾರಿಗೆ ಹೇಳುತ್ತಿದ್ದ: "ಸರ್, ಮಗಳಿಗೆ ಮತ್ತೆ ಜ್ವರ. ಇವತ್ತು ರಜೆ ಬೇಕಿತ್ತು."

"ಈ ಸಲ ಯಾವ ವಿಮಾನ ರೀ?" ಎಂದು ಅವಳು ಹಲ್ಲು ಕಚ್ಚಿ ಕೇಳಿದಳು.

"ಹೊರದೇಶದ ನೌಕಾಪಡೆದು ಕಣೇ! ಸಮುದ್ರ ಕಾಯೋದು. ಮಧ್ಯಾಹ್ನ ಹೊರಟುಬಿಡುತ್ತೆ." ವಿಮಾನಗಳ ಫೋಟೋ ತೆಗೆಯುವ ಕ್ಯಾಮೆರಾ ಆಗಲೇ ಅವನ ಕೊರಳಲ್ಲಿತ್ತು, ವಿಮಾನ ನಿಲ್ದಾಣದ ಬೇಲಿಯಾಚೆ ನೋಡಲು ಏಣಿಯನ್ನೂ ಹೆಗಲಿಗೇರಿಸಿದ್ದ. "ಇವಳನ್ನ ಶಾಲೆಗೆ ಕಳಿಸ್ಬೇಡ. ಸಾಹೇಬ್ರ ಮಗ ಇವಳ ಕ್ಲಾಸೇ, ಮನೇಲಿ ಹೇಳಿಬಿಡ್ತಾನೆ."

"ಇವತ್ತು ಅವಳ ನಾಟಕ ಇದೆ ರೀ! ರಾಣಿ ಪಾತ್ರ! ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿದೆ?"

"ನಾಟಕ ಮುಂದಿನ ವರ್ಷಾನೂ ಇರುತ್ತೆ. ಇದು ಮತ್ತೆ ಬರುತ್ತಾ?"

ಅವಳಿಗೆ ಸಾಕುಸಾಕಾಗಿ ಹೋಯಿತು. ಹೋದ ಸಲ ಯಾವುದೋ ಸಂಶೋಧನಾ ವಿಮಾನ ಬಂದಿಳಿದಾಗಲೂ ಮಗಳಿಗೆ ಹೀಗೇ ಜ್ವರ ಬರಿಸಿದ್ದ. ಆಗ ಮಗು ತುಟಿಪಿಟಕ್ಕೆನ್ನದೆ ದಿನವಿಡೀ ಕಂಬಳಿ ಹೊದ್ದು ಮಲಗಿತ್ತು. ಇವತ್ತು ಅರ್ಧ ಹೆಣೆದ ಜಡೆಯಲ್ಲೇ ಎದ್ದುಹೋಗಿ ಅಪ್ಪನ ಹೆಗಲ ಮೇಲಿದ್ದ ಏಣಿಯ ಹಿಂದಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

"ಅಪ್ಪಾ, ನಂಗೆ ನಿಜವಾಗ್ಲೂ ಜ್ವರ ಬಂದ ದಿನ ವಿಮಾನ ಬಂದ್ರೆ, ನೀನು ಮನೇಲಿರ್ತೀಯಾ?"